ಊರು ಕೇಳದ ಕೋಣೆ

1957ರಲ್ಲಿ ಮುಂಬಯಿಯ ಒಂದು ಕೋಣೆಯಲ್ಲಿ ಕೆಲವರು ಕೂತು, ತಮಗೆ ಕುಡಿತ ಬಿಡಲು ಆಗುತ್ತಿಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟ, ಬಾಯಿಮಾತಿನಲ್ಲಿ ಎಎ, ಈ ನಗರಕ್ಕೆ ಬಂದದ್ದು ಹಾಗೆ. ಆ ವರ್ಷ ಮುಂಬಯಿ ರಾಜ್ಯದಲ್ಲಿ ಸಂಪೂರ್ಣ ಪಾನನಿಷೇಧ ಜಾರಿಯಲ್ಲಿತ್ತು. ಪರ್ಮಿಟ್ ಇಲ್ಲದೆ ಕುಡಿದವನಿಗೆ ಜೈಲು. ಪೊಲೀಸ್ ಠಾಣೆಯಲ್ಲಿ ಹೇಳಿದ್ದರೆ ತಪ್ಪೊಪ್ಪಿಗೆ ಎಂದು ಬರೆದುಕೊಳ್ಳುತ್ತಿದ್ದ ಮಾತನ್ನು ಅವರು ಆ ಕೋಣೆಯಲ್ಲಿ ಹೇಳಿದರು. ಇಲ್ಲಿ ಕೇಳಿದ್ದು ಇಲ್ಲೇ ಇರಲಿ, ಹೆಸರು ಹೊರಗೆ ಹೋಗದಿರಲಿ ಎಂಬ ಕೂಟದ ನಿಯಮ ಅಮೆರಿಕದಲ್ಲಿ ಮಾನ ಕಾಯುವುದಕ್ಕೆ ಹುಟ್ಟಿದ್ದು. ಮುಂಬಯಿಯಲ್ಲಿ ಅದು ಮನುಷ್ಯನನ್ನೇ ಕಾಯಬೇಕಾಗಿತ್ತು.

ನಾನು ಘಾಟ್ಕೋಪರಿನ ಮುನಿಸಿಪಲ್ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನನ್ನ ಅಣ್ಣ ಎಎಯ ಕೋಣೆಗಳಲ್ಲಿ ಕೂತು ಗುಣವಾದವನು. ಅವನ ಹೆಸರನ್ನೂ ನನ್ನ ಹೆಸರನ್ನೂ ಇಲ್ಲಿ ಹಾಕುತ್ತಿಲ್ಲ. ಪತ್ರಿಕೆ, ರೇಡಿಯೊ, ಸಿನಿಮಾಗಳಲ್ಲಿ ಸದಸ್ಯರ ಗುರುತು ಬರಕೂಡದು ಎಂಬುದು ಆ ಕೂಟದ 12 ಸಂಪ್ರದಾಯಗಳಲ್ಲಿ 11ನೆಯದು. ಅಣ್ಣ ತೀರಿಕೊಂಡ ಮೇಲೂ ಅದನ್ನು ಪಾಲಿಸುವುದು ನನಗೆ ಸರಿ ಕಾಣುತ್ತದೆ. ಮುಂಬಯಿ ಕನ್ನಡಿಗರ ಚರಿತ್ರೆಯಲ್ಲಿ ಹೋಟೆಲು, ರಾತ್ರಿ ಶಾಲೆ, ಸಂಘ, ಯಕ್ಷಗಾನ ಎಲ್ಲಕ್ಕೂ ಜಾಗ ಸಿಕ್ಕಿದೆ. ಈ ಕೋಣೆಗಳಿಗೂ ಒಂದಿಷ್ಟು ಜಾಗ ಸಿಗಬೇಕು ಎಂಬುದು ನನ್ನ ಆಸೆ.

ಮೊದಲು ಕುಡಿತದ ಕತೆಯನ್ನೇ ಹೇಳಬೇಕು. ಮುಂಬಯಿಯಲ್ಲಿ ಪಾನನಿಷೇಧದ ಮೊದಲ ಪ್ರಯತ್ನ 1939ರ ಆಗಸ್ಟ್ 1ರದ್ದು. ಬಿ. ಜಿ. ಖೇರ್ ಅವರ ಕಾಂಗ್ರೆಸ್ ಮಂತ್ರಿಮಂಡಲದಲ್ಲಿ ಅಬಕಾರಿ ಖಾತೆ ಇದ್ದದ್ದು ಡಾ. ಎಂ. ಡಿ. ಡಿ. ಗಿಲ್ಡರ್ ಅವರ ಕೈಯಲ್ಲಿ. ಅವರು ಹೃದ್ರೋಗ ತಜ್ಞರು, ಗಾಂಧೀಜಿಯನ್ನು ಪರೀಕ್ಷಿಸುತ್ತಿದ್ದ ವೈದ್ಯರು, ಪಾರ್ಸಿ ಸಮಾಜದವರು. ನಗರದ ಹೆಂಡ-ಸಾರಾಯಿ ವ್ಯಾಪಾರದಲ್ಲಿ ಪಾರ್ಸಿಗಳ ಪಾಲು ದೊಡ್ಡದಿತ್ತು. ತನ್ನವರ ಅಂಗಡಿಗಳನ್ನೇ ಮುಚ್ಚಿಸಲು ಹೊರಟ ಆ ವೈದ್ಯರ ಧೈರ್ಯವನ್ನು ನಾನು ಮೆಚ್ಚುತ್ತೇನೆ. ಅದೇ ವರ್ಷ ಯುದ್ಧ ಶುರುವಾಗಿ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು, ನಿಷೇಧವೂ ಸಡಿಲವಾಯಿತು. ಸ್ವಾತಂತ್ರ್ಯ ಬಂದ ಮೇಲೆ 1949ರ ಮುಂಬಯಿ ಪಾನನಿಷೇಧ ಕಾಯ್ದೆ ಬಂತು. 1950ರ ಏಪ್ರಿಲಿನಿಂದ ಇಡೀ ರಾಜ್ಯ ಒಣಗಿತು. ಮೊರಾರ್ಜಿ ದೇಸಾಯಿ ಇದರ ಬೆನ್ನಿಗೆ ನಿಂತವರು. ಮರುವರ್ಷ ಬಾಲ್ಸಾರಾ ಎಂಬವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯ ಬಹುಪಾಲನ್ನು ಎತ್ತಿಹಿಡಿಯಿತು. ಔಷಧಿ ಮತ್ತು ಸುಗಂಧದ್ರವ್ಯಗಳ ಮೇಲಿನ ಕೆಲವು ಕಟ್ಟುಗಳನ್ನಷ್ಟೇ ಬಿಚ್ಚಿತು.

ಘಾಟ್ಕೋಪರ್ ಬೃಹನ್ಮುಂಬಯಿಯೊಳಗೆ ಸೇರಿದ್ದೂ 1950ರಲ್ಲೇ. ಆಗ ಇದು ಗುಜರಾತಿ ವ್ಯಾಪಾರಿಗಳ ಬಂಗಲೆಗಳು, ಗುಡ್ಡದ ಮೇಲೆ ಕೂಲಿಕಾರರ ಗುಡಿಸಲುಗಳು, ಪೂರ್ವಕ್ಕೆ ಉಪ್ಪಿನಗದ್ದೆ, ಅದರಾಚೆ ಖಾಡಿಯ ಕಾಂಡ್ಲಾ ಕಾಡು ಇದ್ದ ಉಪನಗರ. ಕಾನೂನು ಅಂಗಡಿ ಮುಚ್ಚಿಸಿತು, ಖಾಡಿಯ ಅಂಚಿನಲ್ಲಿ ಹಾತ್‌ಭಟ್ಟಿ ಎದ್ದಿತು. ಕೊಳೆತ ಬೆಲ್ಲ, ನವಸಾಗರ, ಸಿಕ್ಕಿದ್ದೆಲ್ಲ ಹಾಕಿ ಇಳಿಸಿದ ಠರ್ರಾ ರಬ್ಬರ್ ಟ್ಯೂಬುಗಳಲ್ಲಿ ತುಂಬಿ ಚಾಳುಗಳಿಗೆ ಬರುತ್ತಿತ್ತು. ಬಾಂದ್ರಾ, ಮಜಗಾಂವ್ ಕಡೆ ಕ್ರಿಶ್ಚಿಯನ್ ವಿಧವೆಯರು ಮನೆಯ ಹಿಂದಿನ ಕೋಣೆಯಲ್ಲಿ ಗ್ಲಾಸು ಲೆಕ್ಕದಲ್ಲಿ ಮಾರುತ್ತಿದ್ದರು. ಅವಕ್ಕೆ ಆಂಟಿ ಅಡ್ಡಾ ಎಂದೇ ಹೆಸರು. ದುಡ್ಡಿದ್ದವರಿಗೆ ಮಾತ್ರ ಇನ್ನೊಂದು ದಾರಿ ಇತ್ತು: ಆರೋಗ್ಯಕ್ಕೆ ಬೇಕು ಎಂದು ಡಾಕ್ಟರ ಸರ್ಟಿಫಿಕೇಟ್ ತಂದು ಪರ್ಮಿಟ್ ಮಾಡಿಸುವುದು.

1960ರ ದಶಕದಲ್ಲಿ ಸರಕಾರ ಪರ್ಮಿಟ್ಟನ್ನು ಸಡಿಲಿಸುತ್ತ ಬಂತು. 70ರ ದಶಕದಲ್ಲಿ ದೇಶಿ ದಾರುವೂ ಕಾನೂನುಬದ್ಧವಾಯಿತು. ಪರ್ಮಿಟ್ ಇದ್ದವರು ಕೂತು ಕುಡಿಯುವ ಕೋಣೆಗಳು ಹೋಟೆಲುಗಳ ಮಗ್ಗುಲಲ್ಲಿ ತೆರೆದವು. 1949ರ ಕಾಯ್ದೆ ಇವತ್ತಿಗೂ ಸತ್ತಿಲ್ಲ. ಒಂದು ದಿನದ ಪರ್ಮಿಟ್‌ಗೆ 5 ರೂಪಾಯಿ, ಆಜೀವ ಪರ್ಮಿಟ್‌ಗೆ 1000 ರೂಪಾಯಿ. ಎಲ್‌ಬಿಎಸ್ ರಸ್ತೆಯಲ್ಲಿ ನಡೆದರೆ ‘ರೆಸ್ಟೋರೆಂಟ್ ಮತ್ತು ಪರ್ಮಿಟ್ ರೂಮ್’ ಎಂಬ ಬೋರ್ಡು ಈಗಲೂ ಕಾಣುತ್ತದೆ. ಹಾತ್‌ಭಟ್ಟಿಯೂ ಸತ್ತಿಲ್ಲ. 2004ರ ಡಿಸೆಂಬರಿನಲ್ಲಿ ನಮ್ಮ ಪಕ್ಕದ ವಿಕ್ರೋಲಿಯಲ್ಲಿ ಕಳ್ಳಭಟ್ಟಿ ಕುಡಿದು 80ಕ್ಕೂ ಹೆಚ್ಚು ಮಂದಿ ಸತ್ತರು. 2015ರ ಜೂನಿನಲ್ಲಿ ಮಲಾಡಿನ ಮಾಲ್ವಣಿಯಲ್ಲಿ 100ಕ್ಕೂ ಹೆಚ್ಚು ಜನ. ಅದು ಮೆಥನಾಲ್ ಎಂಬ ವಿಷ. ಸತ್ತವರು ದಿನಗೂಲಿಯವರು.

ಆ ಪರ್ಮಿಟ್ ರೂಮುಗಳಲ್ಲಿ ಬಹಳಷ್ಟರ ಮಾಲೀಕರು, ಮ್ಯಾನೇಜರುಗಳು, ಕ್ಯಾಪ್ಟನ್‌ಗಳು, ಟೇಬಲ್ ಒರೆಸುವ ಹುಡುಗರು ನಮ್ಮ ಕರಾವಳಿಯವರು. ಎ. ರಾಮ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ಬಾಳೆಎಲೆಯ ಊಟದ ಹೋಟೆಲು ತೆರೆದ ಕಾಲದಿಂದ ಉಡುಪಿ, ಕುಂದಾಪುರ, ಕಾರ್ಕಳದ ಹುಡುಗರು ಹಡಗಿನಲ್ಲೂ ಬಸ್ಸಿನಲ್ಲೂ ಇಲ್ಲಿಗೆ ಬರುತ್ತಲೇ ಇದ್ದರು. ಇಡ್ಲಿ-ದೋಸೆಯ ಲಾಭ ಎಷ್ಟು, ಪೆಗ್ಗಿನ ಲಾಭ ಎಷ್ಟು ಎಂಬ ಲೆಕ್ಕ 60-70ರ ದಶಕಗಳಲ್ಲಿ ಎಷ್ಟೋ ಹೋಟೆಲುಗಳನ್ನು ಬದಲಿಸಿತು. ನಾನು ಆ ಮಾಲೀಕರನ್ನು ದೂರುವುದಿಲ್ಲ. ಊರಿನಲ್ಲಿ ಉಳುವವನಿಗೇ ಭೂಮಿ ಎಂಬ ಕಾನೂನು ಬಂದು ಕೆಲವರ ಗೇಣಿ ನಿಂತಿತ್ತು, ಉಳಿದವರಿಗೆ ಮೊದಲೇ ಏನೂ ಇರಲಿಲ್ಲ. ಈ ಹೋಟೆಲುಗಳ ದುಡ್ಡಿನಿಂದ ಊರಿನಲ್ಲಿ ಶಾಲೆಗಳಾದವು, ಗುಡಿಗಳ ಜೀರ್ಣೋದ್ಧಾರವಾಯಿತು, ನಮ್ಮಂಥವರ ಮದುವೆಗಳಾದವು. ಆದರೆ ಗಲ್ಲಾದ ಈಚೆ ರಾತ್ರಿ ಒಂದು ಗಂಟೆಯವರೆಗೆ ನಿಂತು, ಬಾಟಲಿಯಲ್ಲಿ ಉಳಿದದ್ದನ್ನು ಬಾಯಿಗೆ ಹಾಕಿಕೊಂಡು, ಅಡುಗೆಮನೆಯ ಮಾಳಿಗೆಯಲ್ಲಿ ಚಾಪೆ ಹಾಸಿ ಮಲಗಿದ ಹುಡುಗರ ಲೆಕ್ಕವನ್ನೂ ಯಾರಾದರೂ ಇಡಬೇಕಿತ್ತು.

ಅಣ್ಣ ಅಂಥವರಲ್ಲಿ ಒಬ್ಬ. ಕುಂದಾಪುರದ ಹತ್ತಿರದ ಹಳ್ಳಿಯಿಂದ ಹೈಸ್ಕೂಲು ಕಾಣದ ವಯಸ್ಸಿನಲ್ಲಿ ಬಂದ. ಹಗಲು ಕಪ್ಪು-ಬಸಿ ತೊಳೆದು ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಎಸ್‌ಎಸ್‌ಸಿ ಪಾಸಾದ. ಘಾಟ್ಕೋಪರಿನ ಒಂದು ಪರ್ಮಿಟ್ ರೂಮಿನಲ್ಲಿ ಕ್ಯಾಪ್ಟನ್ ಆದ. ಮದುವೆಯಾಗಿ ನಾನು ಈ ಊರಿಗೆ ಬಂದಾಗ ಅವನ ಕೈ ಬೆಳಿಗ್ಗೆ ಚಹಾದ ಗ್ಲಾಸು ಹಿಡಿಯಲಾರದಷ್ಟು ನಡುಗುತ್ತಿತ್ತು.

ಆಗ ನಮ್ಮವರಿಗೆ ಗೊತ್ತಿದ್ದ ಉಪಾಯಗಳು ಕೆಲವೇ. ಮದುವೆ ಮಾಡುವುದು. ಊರಿಗೆ ಕಳಿಸುವುದು. ದೇವಸ್ಥಾನದಲ್ಲಿ ಆಣೆ ಹಾಕಿಸುವುದು. ನಾಲ್ಕನೆಯದು ಲೋಕಲ್ ಟ್ರೇನಿನ ಗೋಡೆಗೆ ಅಂಟಿಸಿದ್ದ ಜಾಹೀರಾತಿನ ಪುಡಿ: ಕುಡಿಯುವವನಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಎಂದು ಬರೆದಿರುತ್ತಿತ್ತು. ಕುಡಿದರೆ ವಾಂತಿ, ಎದೆಬಡಿತ ಬರಿಸುವ ಡೈಸಲ್ಫಿರಾಂ ಎಂಬ ಮಾತ್ರೆಯ ಗುಣವನ್ನು ಡೆನ್ಮಾರ್ಕಿನ ವಿಜ್ಞಾನಿಗಳು 1940ರ ದಶಕದಲ್ಲಿ ಕಂಡುಕೊಂಡಿದ್ದರು. ಡಾಕ್ಟರ ಕಣ್ಣಳತೆಯಲ್ಲಿ, ರೋಗಿ ಒಪ್ಪಿಕೊಂಡು ತೆಗೆದುಕೊಳ್ಳುವ ಮಾತ್ರೆ ಅದು. ಹೇಳದೆ ಕೊಟ್ಟರೆ ಜೀವಕ್ಕೇ ಅಪಾಯ. ಆ ಪುಡಿಗಳಲ್ಲಿ ಏನಿರುತ್ತಿತ್ತೋ ಕೊಂಡವರು ಯಾರೂ ತಿಳಿದಿರಲಿಲ್ಲ.

ಊರಿಗೆ ಕಳಿಸುವುದಂತೂ ನಮ್ಮಲ್ಲಿ ಒಂದು ಪದ್ಧತಿಯೇ ಆಗಿತ್ತು. ಅಣ್ಣನನ್ನೂ ಕಳಿಸಿದರು. ಅಮ್ಮ ಅವನನ್ನು ಮಾಳಿಗೆಯ ಕೋಣೆಯಲ್ಲಿ ಕೂಡಿಟ್ಟಳು. ಮೂರನೆಯ ದಿನ ಅವನಿಗೆ ಫಿಟ್ಸ್ ಬಂತು. ಇಲ್ಲದ ಹಾವುಗಳನ್ನು ಕಂಡು ಕೂಗಿದ. ವರ್ಷಗಟ್ಟಲೆ ದಿನವೂ ಕುಡಿದ ದೇಹಕ್ಕೆ ಒಮ್ಮೆಲೇ ಹೆಂಡ ತಪ್ಪಿಸಿದರೆ ಹೀಗಾಗುತ್ತದೆ, ಸಾವೂ ಬರಬಹುದು, ಮೊದಲ ಕೆಲವು ದಿನ ಆಸ್ಪತ್ರೆಯಲ್ಲೇ ಇರಬೇಕು ಎಂದು ಆಮೇಲೆ ಡಾಕ್ಟರರು ಹೇಳಿದರು. ಇದನ್ನು ಇಲ್ಲಿ ಬರೆಯುತ್ತಿರುವುದು ಈಗಲೂ ಬಾಗಿಲಿಗೆ ಚಿಲಕ ಹಾಕುವ ಮನೆಗಳಿವೆ ಎಂದು. ಅಲ್ಲಿಂದ ತಿರುಗಿ ಬಂದ ಅಣ್ಣ ನನ್ನ ಮನೆಯ ಹೊಸ್ತಿಲ ಮೇಲೆ ಕೂತು, “ಹೆಣೆ, ನಂಗ್ ಬಿಡೂಕ್ ಆತಿಲ್ಲ” ಎಂದಿದ್ದ. ಅವನ ಬಾಯಲ್ಲಿ ನಾನು ಕೇಳಿದ ಮೊದಲ ನಿಜವಾದ ಮಾತು ಅದು. ಅದನ್ನು ತೆಗೆದುಕೊಂಡು ಎಲ್ಲಿಗೆ ಹೋಗಬೇಕೆಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ.

ದಾರಿ ತೋರಿಸಿದ್ದು ನನ್ನ ತರಗತಿಯ ಒಬ್ಬ ಹುಡುಗಿಯ ತಂದೆ. ಅದಕ್ಕೂ ಒಂದು ಹಿನ್ನೆಲೆ ಉಂಟು. 1982ರ ಜನವರಿ 18ರಂದು ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ನಾಯಕ ದತ್ತಾ ಸಾಮಂತರು ನಮ್ಮ ಘಾಟ್ಕೋಪರಿನವರೇ. ಪಂತ್‌ನಗರದಲ್ಲಿ ದವಾಖಾನೆ ಇಟ್ಟುಕೊಂಡು ಬಡವರಿಗೆ ಮದ್ದು ಕೊಡುತ್ತಿದ್ದ ಡಾಕ್ಟರು. ಆ ದಿನಗಳಲ್ಲಿ ಪಂತ್‌ನಗರದ ರಸ್ತೆಗಳಲ್ಲಿ ಗಿರಣಿಯವರ ಗುಂಪು ಕರಗುತ್ತಲೇ ಇರಲಿಲ್ಲ. ಆ ಮುಷ್ಕರಕ್ಕೆ ಕೊನೆ ಎಂಬುದೇ ಬರಲಿಲ್ಲ, ಎಷ್ಟೋ ಗಿರಣಿಗಳು ತೆರೆಯಲೇ ಇಲ್ಲ. ಕೈಯಲ್ಲಿ ಕೆಲಸವಿಲ್ಲದ ಗಂಡಸರು ಸಂಜೆಯಾಗುವುದನ್ನೂ ಕಾಯದೆ ಕುಡಿಯಲು ಕೂರುತ್ತಿದ್ದರು. ನಮ್ಮ ಶಾಲೆಯಲ್ಲಿ ಕರಾವಳಿಯ ಮಕ್ಕಳಿಗಿಂತ ಕಲಬುರಗಿ, ವಿಜಯಪುರ, ರಾಯಚೂರು ಕಡೆಯ ಕೂಲಿಕಾರರ ಮಕ್ಕಳೇ ಹೆಚ್ಚು. ಪ್ರಗತಿಪತ್ರಕ್ಕೆ ಸಹಿ ಹಾಕಲು ತೂರಾಡುತ್ತ ಬರುವ ಅಪ್ಪಂದಿರು ನಮಗೆ ಹೊಸಬರಲ್ಲ.

ಆ ಹುಡುಗಿಯ ತಂದೆ, ಕಲಬುರಗಿಯವರು, ಅಂಥವರೇ ಆಗಿದ್ದವರು, ಒಂದು ವರ್ಷ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ನೆಟ್ಟಗೆ ಸಹಿ ಹಾಕಿದರು. ಏನಾಯಿತು ಎಂದು ಕೇಳಿದೆ. “ಟೀಚರ್ರೇ, ಈಗ ಮೀಟಿಂಗಿಗಿ ಹೊಂಟೀನ್ರಿ. ಇವತ್ತಿಂದು ಇವತ್ತಿಗಿ, ಅಷ್ಟೇ ನೋಡ್ರಿ” ಎಂದರು. ಯೂನಿಯನ್ ಮೀಟಿಂಗ್ ಇರಬೇಕೆಂದುಕೊಂಡೆ. ಅವರು ಬಿಡಿಸಿ ಹೇಳಿದರು. ನನ್ನ ಮನೆಯಲ್ಲೂ ಒಬ್ಬರಿದ್ದಾರೆ ಎಂದಾಗ ಯಾರು, ಎಷ್ಟು ಕುಡಿಯುತ್ತಾರೆ ಎಂದು ಕೇಳಲಿಲ್ಲ. ಯಾವ ವಾರ, ಎಷ್ಟು ಗಂಟೆಗೆ, ಯಾವ ಜಿನ್ನೆ ಹತ್ತಬೇಕು ಎಂದಷ್ಟೇ ಹೇಳಿ ಹೋದರು. ಪ್ರಚಾರ ಮಾಡಬೇಡಿ, ನಿಮ್ಮ ಬದುಕು ನೋಡಿ ಜನ ತಾವಾಗಿ ಬರಲಿ ಎಂಬುದು ಎಎಯ ಸಂಪ್ರದಾಯಗಳಲ್ಲಿ ಒಂದು ಎಂದು ಆಮೇಲೆ ತಿಳಿಯಿತು. ನಾವು ಬಂದದ್ದು ಹಾಗೆಯೇ.

ಕೋಣೆ ಇದ್ದದ್ದು ಇನ್ನೊಂದು ಮುನಿಸಿಪಲ್ ಶಾಲೆಯಲ್ಲಿ. ಮುಂಬಯಿಯ ಎಎ ಗುಂಪುಗಳು ನಡೆಯುವುದು ಹೆಚ್ಚಾಗಿ ಚರ್ಚಿನ ಹಾಲುಗಳಲ್ಲಿ, ಶಾಲೆಗಳ ತರಗತಿಗಳಲ್ಲಿ. ನಾಲ್ಕನೆಯ ಇಯತ್ತೆಯ ಮಕ್ಕಳ ಬೆಂಚಿನಲ್ಲಿ ದೊಡ್ಡ ಗಂಡಸರು ಮಂಡಿ ಮೇಲೆತ್ತಿ ಕೂತಿದ್ದರು. ಕರಿಹಲಗೆಯ ಮೇಲೆ ಹಗಲಿನ ಮರಾಠಿ ಪಾಠ ಹಾಗೇ ಇತ್ತು. ಒಬ್ಬರು ಚೀಲದಿಂದ ಎರಡು ಉದ್ದ ಬಟ್ಟೆಯ ಸುರುಳಿ ತೆಗೆದು ಮೊಳೆಗೆ ನೇತುಹಾಕಿದರು. ಒಂದರಲ್ಲಿ ಕುಡಿತ ಬಿಡುವವನಿಗೆ 12 ಮೆಟ್ಟಿಲು, ಇನ್ನೊಂದರಲ್ಲಿ ಕೂಟ ನಡೆಸುವುದಕ್ಕೆ 12 ಸಂಪ್ರದಾಯ. ಮೀಟಿಂಗ್ ಮುಗಿದ ಮೇಲೆ ಅವನ್ನು ಸುತ್ತಿ ಒಯ್ಯುತ್ತಾರೆ, ಬೆಳಿಗ್ಗೆ ಮಕ್ಕಳು ಬರುವಾಗ ಅಲ್ಲಿ ಏನೂ ಇರುವುದಿಲ್ಲ. ಅವತ್ತಿನದು ಓಪನ್ ಮೀಟಿಂಗ್, ಹಾಗಾಗಿ ಮನೆಯವರೂ ಕೂರಬಹುದಿತ್ತು. ಕ್ಲೋಸ್ಡ್ ಮೀಟಿಂಗಿನಲ್ಲಿ ಕುಡುಕರಿಗೆ ಮಾತ್ರ ಪ್ರವೇಶ. ಕಟಿಂಗ್ ಚಹಾ ಬಂತು, ಪಾರ್ಲೆ-ಜಿ ಬಂತು. ಹೊಸಬನನ್ನು ಮುಂದೆ ಕೂರಿಸಿದರು.

ಒಬ್ಬೊಬ್ಬರಾಗಿ ಎದ್ದು ತಮ್ಮ ಹೆಸರು ಹೇಳಿ, ತಾನು ಆಲ್ಕೊಹಾಲಿಕ್ ಎಂದು ಹೇಳಿ, ಕೆಲವು ನಿಮಿಷ ಮಾತಾಡಿದರು. ಹಿಂದಿ, ಮರಾಠಿ, ಎರಡೂ ಬೆರೆತದ್ದು. ಒಬ್ಬ ಟ್ಯಾಕ್ಸಿಯವನು, ಒಬ್ಬ ಬ್ಯಾಂಕಿನವನು, ಒಬ್ಬ ಗಿರಣಿಯಲ್ಲಿದ್ದವನು. ಒಬ್ಬ ಮಾತಾಡುವಾಗ ಇನ್ನೊಬ್ಬ ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ. ಮೇಷ್ಟ್ರಮ್ಮನಾದ ನನಗೆ ಬುದ್ಧಿ ಹೇಳುವವರೇ ಇಲ್ಲದ ತರಗತಿ ವಿಚಿತ್ರವಾಗಿ ಕಂಡಿತು. ಅಣ್ಣನ ಸರದಿ ಬಂದಾಗ ಅವನು ಎದ್ದು ತನ್ನ ಹೆಸರು ಹೇಳಿ ಕೂತ. ಅಷ್ಟಕ್ಕೇ ಎಲ್ಲರೂ ಚಪ್ಪಾಳೆ ತಟ್ಟಿದರು.

ಅವನನ್ನು ಅಲ್ಲಿ ಹಿಡಿದು ನಿಲ್ಲಿಸಿದ್ದು ಏನು ಎಂದು ಬಹಳ ಕಾಲ ಯೋಚಿಸಿದ್ದೇನೆ. ಮುಂಬಯಿಯಲ್ಲಿ ಕರಾವಳಿಯ ಇಬ್ಬರು ಎದುರಾದರೆ ಮೊದಲ ಮಾತು “ಊರಲ್ಲಿ ನಿಮ್ಗೆ ಎಲ್ಲಾಯ್ತು?” ಎಂಬುದೇ. ಆಮೇಲೆ ಮನೆ, ಬಳಿ, ಸಂಬಂಧ. ಮೂರು ಪ್ರಶ್ನೆ ಮುಗಿಯುವ ಹೊತ್ತಿಗೆ ಅವರಿಗೆ ನಿಮ್ಮ ಸೋದರಮಾವ ಗೊತ್ತಿರುತ್ತಾರೆ. ಈ ಪರಿಚಯದ ಬಲದಿಂದಲೇ ನಮ್ಮವರು ಇಲ್ಲಿ ಬೇರು ಬಿಟ್ಟದ್ದು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಮೈಸೂರು ಅಸೋಸಿಯೇಶನ್ 1926ರದ್ದು, ಬಂಟರ ಸಂಘ 1927ರದ್ದು, ಕರ್ನಾಟಕ ಸಂಘ 1933ರದ್ದು. ಬಿಲ್ಲವರ ಅಸೋಸಿಯೇಶನ್ 1978ರಲ್ಲಿ ಭಾರತ್ ಬ್ಯಾಂಕನ್ನೇ ಕಟ್ಟಿತು. ಕೆಲಸ, ಕೋಣೆ, ಸಾಲ, ವಧು, ಕೊನೆಗೆ ಹೆಣ ಊರಿಗೆ ಸಾಗಿಸುವ ಖರ್ಚು, ಎಲ್ಲಕ್ಕೂ ಊರಿನವರಿದ್ದರು. ಕುಡಿತಕ್ಕೆ ಸಿಕ್ಕವನಿಗೆ ಮಾತ್ರ ಈ ಪರಿಚಯವೇ ಗೋಡೆಯಾಯಿತು. ಇಲ್ಲಿ ಒಬ್ಬನ ಮುಂದೆ ಬಾಯಿ ಬಿಟ್ಟರೆ ಅವನು ಬಸ್ಸು ಹತ್ತುವ ಮೊದಲೇ ಸುದ್ದಿ ಕುಂದಾಪುರ ಮುಟ್ಟುತ್ತದೆ, ತಂಗಿಯ ಮದುವೆಗೆ ಅಡ್ಡಿಯಾಗುತ್ತದೆ. ಹಾಗಾಗಿ ಅಣ್ಣನಂಥವರು ಎಲ್ಲರ ನಡುವೆ ಇದ್ದೂ ಯಾರಿಗೂ ಹೇಳಲಾರದೆ ಉಳಿದರು. ಆ ಶಾಲೆಯ ಕೋಣೆಯಲ್ಲಿ ಮಾತ್ರ ಯಾರೂ ಅವನ ಊರು ಕೇಳಲಿಲ್ಲ. ವರ್ಷಗಳ ನಂತರವೂ ಅಲ್ಲಿ ಅವನು ಒಂದು ಹೆಸರು, ಒಂದು ಏರಿಯಾ ಅಷ್ಟೇ ಆಗಿದ್ದ.

ಈ ಕೂಟ ಹುಟ್ಟಿದ್ದು 1935ರಲ್ಲಿ, ಅಮೆರಿಕದ ಓಹಿಯೊ ರಾಜ್ಯದ ಆಕ್ರನ್ ಪಟ್ಟಣದಲ್ಲಿ. ನ್ಯೂಯಾರ್ಕಿನ ಷೇರು ವ್ಯಾಪಾರಿ ಬಿಲ್ ವಿಲ್ಸನ್ ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತು. ವ್ಯವಹಾರಕ್ಕೆಂದು ಬಂದದ್ದು ಕೆಟ್ಟುಹೋಗಿ, ಪರ ಊರಿನ ಹೋಟೆಲಿನಲ್ಲಿ ಒಬ್ಬನೇ ನಿಂತಿದ್ದ, ಬಾರಿನ ಗದ್ದಲ ಕಿವಿಗೆ ಬೀಳುತ್ತಿತ್ತು. ಇನ್ನೊಬ್ಬ ಕುಡುಕನ ಜತೆ ಮಾತಾಡದಿದ್ದರೆ ತಾನು ಉಳಿಯುವುದಿಲ್ಲ ಎನಿಸಿ, ಚರ್ಚುಗಳ ಪಟ್ಟಿ ನೋಡಿ ಫೋನು ಮಾಡುತ್ತ ಹೋದ. ಹಾಗೆ ಸಿಕ್ಕವರು ಸರ್ಜನ್ ಡಾ. ಬಾಬ್ ಸ್ಮಿತ್. ಹದಿನೈದು ನಿಮಿಷ ಮಾತ್ರ ಎಂದು ಕೂತ ಡಾಕ್ಟರು ಆರು ಗಂಟೆಗೂ ಹೆಚ್ಚು ಕಾಲ ಮಾತಾಡಿದರು. ಅವರು ಕೊನೆಯ ಬಾರಿ ಕುಡಿದ ಜೂನ್ 10ನ್ನೇ ಕೂಟ ಹುಟ್ಟಿದ ದಿನವೆಂದು ಇಟ್ಟುಕೊಂಡಿದ್ದಾರೆ. 1939ರಲ್ಲಿ ಅವರ ಪುಸ್ತಕ ಬಂತು, 1950ರಲ್ಲಿ 12 ಸಂಪ್ರದಾಯಗಳಿಗೆ ಒಪ್ಪಿಗೆ ಸಿಕ್ಕಿತು.

ನನಗೆ ಅವರ ಮೆಟ್ಟಿಲುಗಳಿಗಿಂತ ಸಂಪ್ರದಾಯಗಳೇ ಹೆಚ್ಚು ಹಿಡಿಸುತ್ತವೆ, ಬಹುಶಃ ಸಂಘಗಳ ಜಗಳಗಳನ್ನು ಹತ್ತಿರದಿಂದ ಕಂಡದ್ದರಿಂದ. ಅವರಿಗಿಂತ ಸುಮಾರು ಒಂದು ಶತಮಾನ ಮೊದಲು, 1840ರಲ್ಲಿ, ಬಾಲ್ಟಿಮೋರಿನ ಹೆಂಡದಂಗಡಿಯೊಂದರಲ್ಲಿ ಆರು ಮಂದಿ ಕುಡುಕರು ಸೇರಿ ವಾಷಿಂಗ್ಟೋನಿಯನ್ ಎಂಬ ಕೂಟ ಕಟ್ಟಿದ್ದರು. ಲಕ್ಷಾಂತರ ಜನ ಸೇರಿದರು. ರಾಜಕೀಯದ ವಾದಗಳಲ್ಲಿ ಸಿಕ್ಕಿ ಕೆಲವೇ ವರ್ಷಗಳಲ್ಲಿ ಅದು ಚದುರಿತು. ಆ ಪಾಠ ಕಲಿತು ಎಎ ಹೊರಗಿನ ಯಾವ ವಿಷಯದ ಮೇಲೂ ಅಭಿಪ್ರಾಯ ಹೇಳುವುದಿಲ್ಲ. ಪಾನನಿಷೇಧ ಬೇಕೇ ಬೇಡವೇ ಎಂದು ಕೇಳಿದರೂ ಇಲ್ಲ. ಗಾಂಧೀಜಿಯ ನಾಡಿನಲ್ಲಿ, ಹೆಂಡವನ್ನು ಇಳಿಸಬೇಡಿ, ಕೊಡಬೇಡಿ, ಕುಡಿಯಬೇಡಿ ಎಂದು ನಾರಾಯಣ ಗುರುಗಳು ಹೆಂಡ ಇಳಿಸುವವರಿಗೇ ಹೇಳಿದ ಕರಾವಳಿಯಲ್ಲಿ, ಇದನ್ನು ಒಪ್ಪಲು ನನಗೆ ಸಮಯ ಬೇಕಾಯಿತು. ಗುರುಗಳ ಮಾತು ಒಂದು ಸಮಾಜವನ್ನು ಎತ್ತಿತು, ಅದರಲ್ಲಿ ಸಂಶಯವಿಲ್ಲ. ಆದರೆ ಆಗಲೇ ಬಿದ್ದವನಿಗೆ ಯಾರೂ ಆಜ್ಞೆ ಮಾಡದ ಜಾಗವೂ ಬೇಕಾಗುತ್ತದೆ.

ದುಡ್ಡಿನದೂ ಹಾಗೆಯೇ. ಕೂಟ ಹುಟ್ಟಿದ ಹೊಸದರಲ್ಲಿ ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ ಹತ್ತಿರ ಕೈ ಚಾಚಿದರು. ಹೆಚ್ಚು ದುಡ್ಡು ಇದನ್ನು ಕೆಡಿಸುತ್ತದೆ ಎಂದು ಆತ 5000 ಡಾಲರಿಗೆ ನಿಲ್ಲಿಸಿದ. ಈಗ ಅವರು ಹೊರಗಿನವರಿಂದ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. ನಾನು ಅವತ್ತು ಸ್ಟೀಲ್ ಡಬ್ಬಿಗೆ ಹತ್ತು ರೂಪಾಯಿ ಹಾಕಲು ಹೋದೆ. ಪಕ್ಕದವರು ವಿನಯದಿಂದ ಡಬ್ಬಿಯನ್ನು ಮುಂದಕ್ಕೆ ದಾಟಿಸಿಬಿಟ್ಟರು.

ಭಾರತಕ್ಕೆ ಇದು ಬಂದದ್ದು 1950ರ ದಶಕದಲ್ಲಿ, ದೆಹಲಿಯಲ್ಲಿದ್ದ ಕೆನಡಾ ಹೈಕಮಿಷನ್ನಿನ ಒಬ್ಬ ಸದಸ್ಯನ ಮೂಲಕ. ಪತ್ರಿಕೆಯಲ್ಲಿ ಸಣ್ಣ ಜಾಹೀರಾತು, ನ್ಯೂಯಾರ್ಕಿನ ಕಚೇರಿಯಿಂದ ಕಾಗದ, ಕಿರುಹೊತ್ತಿಗೆ. ಒಬ್ಬ ಇನ್ನೊಬ್ಬನಿಗೆ ಬರೆಯುತ್ತ ಕೂಟ ಬೆಳೆಯಿತು. ಮೊದಲು ಇಂಗ್ಲಿಷ್ ಬಲ್ಲವರದಾಗಿದ್ದದ್ದು ಆಮೇಲೆ ಹಿಂದಿ, ಮರಾಠಿಗೆ ಇಳಿದು ಚಾಳುಗಳನ್ನು ಮುಟ್ಟಿತು.

ಇದರ ಅಕ್ಕಪಕ್ಕ ಬೇರೆ ದಾರಿಗಳೂ ತೆರೆದವು. 1981ರಲ್ಲಿ ಫಾದರ್ ಜೋ ಪೆರೇರಾ ಬಾಂದ್ರಾದ ಮೌಂಟ್ ಕಾರ್ಮೆಲ್ ಚರ್ಚಿನಲ್ಲಿ ಕೃಪಾ ಫೌಂಡೇಶನ್ ಆರಂಭಿಸಿ 12 ಮೆಟ್ಟಿಲುಗಳ ಜತೆ ಯೋಗ ಸೇರಿಸಿದರು. ಆ ಯೋಗ ಅವರಿಗೆ ಬಂದದ್ದು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರರಿಂದ, ಪುಣೆಯಿಂದ ವಾರಾಂತ್ಯಕ್ಕೆ ಮುಂಬಯಿಗೆ ಬಂದು ಕಲಿಸುತ್ತಿದ್ದವರು ಅಯ್ಯಂಗಾರರು. 1986ರಲ್ಲಿ ಪುಣೆಯಲ್ಲಿ ಡಾ. ಅನಿತಾ ಅವಚಟ್ ಮತ್ತು ಅನಿಲ್ ಅವಚಟ್ ದಂಪತಿ ಮುಕ್ತಾಂಗಣ ಎಂಬ ವ್ಯಸನಮುಕ್ತಿ ಕೇಂದ್ರ ಕಟ್ಟಿದರು, ಮರಾಠಿ ಲೇಖಕರಾದ ಪು. ಲ. ದೇಶಪಾಂಡೆ, ಸುನೀತಾ ದೇಶಪಾಂಡೆ ಅದಕ್ಕೆ ನೆರವಾದರು.

ನಮ್ಮ ಊರಿನ ಕಡೆ ಬೇರೆಯೇ ಒಂದು ಬಗೆ ಬೆಳೆಯಿತು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಹಳ್ಳಿಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಒಂದು ವಾರದಷ್ಟು ಕಾಲ ಕುಡುಕರನ್ನು ಶಾಲೆಯಲ್ಲೋ ಸಭಾಭವನದಲ್ಲೋ ಇರಿಸಿಕೊಂಡು, ಔಷಧಿ, ವ್ಯಾಯಾಮ, ಭಜನೆ, ಕೊನೆಗೆ ಹೆಂಡತಿ ಮಕ್ಕಳ ಎದುರಿನಲ್ಲಿ ಸಂಕಲ್ಪ. ಶಿಬಿರ ಮುಗಿದ ಮೇಲೆ ಅವರೆಲ್ಲ ಸೇರುವುದಕ್ಕೆ ನವಜೀವನ ಸಮಿತಿಗಳಿವೆ. ಅಲ್ಲಿ ಹೆಸರು ಬಚ್ಚಿಡುವುದಿಲ್ಲ. ಊರೇ ಸಾಕ್ಷಿ, ಮಂಜುನಾಥಸ್ವಾಮಿಯೇ ಸಾಕ್ಷಿ. ಊರಿನ ಎದುರು ಮಾತು ಕೊಟ್ಟವನಿಗೆ ಊರೇ ಕಾವಲು. ಹಳ್ಳಿಯಲ್ಲಿ ಹೇಗಿದ್ದರೂ ಎಲ್ಲರಿಗೂ ಎಲ್ಲ ಗೊತ್ತು, ಆದ್ದರಿಂದ ಅಲ್ಲಿಗೆ ಇದು ಸರಿ ಎಂದೇ ನನ್ನ ಅನಿಸಿಕೆ. ನನ್ನ ದೊಡ್ಡಮ್ಮನ ಮಗ ಅಂಥ ಶಿಬಿರದಿಂದ ಬಂದು ಈಗ ಬೇರೆಯವರ ಶಿಬಿರಕ್ಕೆ ಅಕ್ಕಿ ಹೊರುತ್ತಾನೆ. ಅಣ್ಣನನ್ನು ಅಲ್ಲಿಗೆ ಕಳಿಸಿದ್ದರೆ ವೇದಿಕೆ ನೋಡಿಯೇ ಓಡಿಹೋಗುತ್ತಿದ್ದ. ಮುಂಬಯಿಗೆ ಬಂದವನಿಗೆ ಊರಿನಲ್ಲಿ ‘ಬೊಂಬಾಯಿಯವನು’ ಎಂಬ ಒಂದು ವೇಷ ಇರುತ್ತದೆ. ಅದನ್ನು ಊರಿನ ಎದುರೇ ಕಳಚುವುದು ಅವನಿಂದ ಆಗುತ್ತಿರಲಿಲ್ಲ.

ಅಣ್ಣನಿಗೆ ಪರ್ಮಿಟ್ ರೂಮಿನ ಕೆಲಸ ಬಿಡು ಎಂದೂ ಎಎಯ ಕೋಣೆಯಲ್ಲಿ ಯಾರೂ ಹೇಳಲಿಲ್ಲ. ಟೇಬಲ್ ತುಂಬುವ ಹೊತ್ತಿಗೆ ಗುಂಪಿನ ಹಿರಿಯರೊಬ್ಬರು, ಅವನ ಸ್ಪಾನ್ಸರ್, ದಿನವೂ ಹೋಟೆಲಿನ ಕೌಂಟರಿಗೆ ಫೋನು ಮಾಡುತ್ತಿದ್ದರು. ಎರಡು ಮಾತು, ಅಷ್ಟೇ. ಸೇಠ್‌ಜಿ ಒಳ್ಳೆಯವರು, ಯಾರ ಫೋನು ಎಂದು ಕೇಳದೆ ರಿಸೀವರ್ ಕೊಡುತ್ತಿದ್ದರು. ನಡುವೆ ಎಡವಿದ, ಮತ್ತೆ ಹೋಗಿ ಮುಂದಿನ ಬೆಂಚಿನಲ್ಲಿ ಕೂತ. ಕೊನೆಗೆ ತಾನೇ ಕೇಳಿ ಬಾರಿನಿಂದ ಅಡುಗೆಮನೆಯ ಖರೀದಿಗೆ ಬದಲಾಯಿಸಿಕೊಂಡು, ಬೆಳಗಿನ ಜಾವ ವಾಶಿ ಮಾರ್ಕೆಟ್ಟಿಗೆ ತರಕಾರಿ ತರಲು ಹೋಗುವವನಾದ. ಸಾಯುವವರೆಗೂ ಮತ್ತೆ ಮುಟ್ಟಲಿಲ್ಲ.

ನಾನು ಹೋಗುತ್ತಿದ್ದದ್ದು ಅಲ್-ಅನಾನ್‌ಗೆ. ಬಿಲ್ ವಿಲ್ಸನ್ನನ ಹೆಂಡತಿ ಲೋಯಿಸ್ ಮುಂತಾದವರು 1951ರಲ್ಲಿ ಕುಡುಕರ ಮನೆಯವರಿಗಾಗಿ ಮಾಡಿದ ಕೂಟ ಅದು. ಗಂಡಸರು ಒಂದು ಕೋಣೆಯಲ್ಲಿ ಕೂತಾಗ ಹೆಂಗಸರು ಪಕ್ಕದ ಕೋಣೆಯಲ್ಲಿ. ಅಲ್ಲಿ ನಾನು ಕಲಿತದ್ದು ಮುಖ್ಯವಾಗಿ ಒಂದೇ: ಅವನ ಬಾಟಲಿ ಹುಡುಕುವುದನ್ನು ನಿಲ್ಲಿಸಿ ನನ್ನ ಕೆಲಸ ನೋಡಿಕೊಳ್ಳುವುದು. ಕುಡಿಯುವ ಹೆಂಗಸರೂ ಇದ್ದಾರೆ. ಎಎಯ ಕೋಣೆಯಲ್ಲಿ ಎಂದೋ ಒಬ್ಬಿಬ್ಬರು ಕಾಣಿಸುತ್ತಿದ್ದರು. ನಲವತ್ತು ಗಂಡಸರ ನಡುವೆ ಎದ್ದು ನಿಂತು ಮಾತಾಡಿದ ಅವರ ಧೈರ್ಯಕ್ಕೆ ನಾನು ಯಾವತ್ತೂ ಕೈಮುಗಿಯುತ್ತೇನೆ.

ಇದರಿಂದ ನಿಜಕ್ಕೂ ಉಪಯೋಗ ಉಂಟೇ ಎಂದು ವಿದ್ಯಾವಂತರು ಕೇಳುತ್ತಾರೆ. 2020ರಲ್ಲಿ ಕಾಕ್ರೇನ್ ಸಂಸ್ಥೆಯ ಸಂಶೋಧಕರು 27 ಅಧ್ಯಯನಗಳನ್ನು, 10,565 ಜನರ ವಿವರಗಳನ್ನು ಒಟ್ಟಿಗೆ ನೋಡಿದರು. ಪೂರ್ತಿ ಬಿಟ್ಟು ಉಳಿಯುವ ವಿಷಯದಲ್ಲಿ, ಎಎಗೆ ಸೇರಿಸಿ ಅಲ್ಲಿ ಉಳಿಸುವ ಕ್ರಮ ಬೇರೆ ಚಿಕಿತ್ಸೆಗಳಿಗಿಂತ ಮುಂದಿತ್ತು, ಉಳಿದ ವಿಷಯಗಳಲ್ಲಿ ಹಿಂದೆ ಬೀಳಲಿಲ್ಲ. 2019ರಲ್ಲಿ ದೆಹಲಿಯ ಏಮ್ಸ್ ಮಾಡಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಕುಡಿತದ ತೊಂದರೆಗೆ ನೆರವು ಬೇಕಾದವರು 5.7 ಕೋಟಿಗೂ ಹೆಚ್ಚು. ಚಟಕ್ಕೆ ಪೂರ್ತಿ ಸಿಕ್ಕಿದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ನನಗೆ ನಿದ್ದೆ ಕೆಡಿಸುವುದು ಆ ಉಳಿದ 37 ಜನ.

2014ರ ಜೂನಿನಲ್ಲಿ ಮೆಟ್ರೊ ಬಂದ ಮೇಲೆ ಘಾಟ್ಕೋಪರ್ ಸ್ಟೇಷನ್ನಿನಲ್ಲಿ ಕಾಲಿಡಲು ಜಾಗವಿಲ್ಲ. ಕನ್ನಡ ಮಾಧ್ಯಮದ ಮುನಿಸಿಪಲ್ ಶಾಲೆಗಳು ಮಕ್ಕಳಿಲ್ಲದೆ ಒಂದೊಂದಾಗಿ ಮುಚ್ಚುತ್ತಿವೆ. ಹೋಟೆಲುಗಳಿಗೆ ಈಗ ನಮ್ಮೂರಿನ ಹುಡುಗರು ಬರುವುದು ಕಡಿಮೆ, ಆದರೆ ಬಂದವರು ಮುದುಕರಾಗಿ ಇಲ್ಲೇ ಇದ್ದಾರೆ, ಅವರ ಮಕ್ಕಳೂ ಇದ್ದಾರೆ. ಹಿಂದಿ-ಮರಾಠಿ ಮಾತಾಡಬಲ್ಲವನಿಗೆ ಕೋಣೆಗಳುಂಟು. ಎದೆಯಲ್ಲಿರುವುದು ಕನ್ನಡದಲ್ಲಿ, ತುಳುವಿನಲ್ಲಿ ಮಾತ್ರ ಹೊರಗೆ ಬರುತ್ತದೆ ಎನ್ನುವವನಿಗೂ ಒಂದು ಇರಬೇಕು.

ನಮ್ಮ ಸಂಘಗಳ ಸ್ಥಳೀಯ ಕಚೇರಿಗಳು ಈ ಉಪನಗರದಲ್ಲಿ ಹಲವು ಇವೆ. ಸೋಮವಾರದಿಂದ ಗುರುವಾರದವರೆಗೆ ಸಂಜೆ ಹೆಚ್ಚಿನವು ಬೀಗ ಹಾಕಿರುತ್ತವೆ. ಪದಾಧಿಕಾರಿಗಳಲ್ಲಿ ನನ್ನ ಬೇಡಿಕೆ ಇಷ್ಟು: ವಾರಕ್ಕೊಂದು ಸಂಜೆ ಒಂದೂವರೆ ಗಂಟೆ ಅಂಥ ಎಎ ಗುಂಪಿಗೆ ಒಂದು ಕೋಣೆ ಕೊಡಿ. ಬಾಗಿಲಲ್ಲಿ ಯಾರೂ ನಿಲ್ಲುವುದು ಬೇಡ, ಹಾಜರಿ ಪುಸ್ತಕ ಬೇಡ, ವಾರ್ಷಿಕ ವರದಿಯಲ್ಲಿ ಫೋಟೊ ಬೇಡ. ಬಾಡಿಗೆ ಮಾತ್ರ ಬೇಡ ಎನ್ನಬೇಡಿ. ದಾನ ಎಂದರೆ ಅವರು ಬರುವುದಿಲ್ಲ. ಎಷ್ಟು ಸಣ್ಣ ಮೊತ್ತವಾದರೂ ತೆಗೆದುಕೊಂಡು ರಸೀದಿ ಕೊಡಿ. ರಸೀದಿಯ ಮೇಲೆ ಗುಂಪಿನ ಹೆಸರು ಬರೆದರೆ ಸಾಕು.